‘ಹೇಳಿ ನೋಡು’ ಅಂದದ್ದು ‘ವಿ ವಿಲ್’ ಆಯಿತು: ಮಾಚೇನಹಳ್ಳಿಯ ಫೌಂಡ್ರಿಯೊಂದರ ಇಮೇಲಿನ ಪ್ರಕರಣ ಅಧ್ಯಯನ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿನ ಒಂದು ಮಧ್ಯಮ ಗಾತ್ರದ ಫೌಂಡ್ರಿ ಈ ಪ್ರಕರಣದ ಜಾಗ. ಎಸ್‌ಜಿ ಕಬ್ಬಿಣದಲ್ಲಿ (ಒಳಗಿನ ಗ್ರಾಫೈಟು ಗುಂಡಗೆ ಕೂತಿರುವ ಎರಕದ ಕಬ್ಬಿಣ) ಪಂಪಿನ ಕೇಸಿಂಗ್, ಅಂದರೆ ಹೊರಕವಚ, ಎರಕ ಹೊಯ್ಯುವುದು ಅದರ ಕಸುಬು. ಒಂದೊಂದು ಕೇಸಿಂಗ್ 18 ಕೆ.ಜಿ. ತೂಗುತ್ತದೆ. ಗಿರಾಕಿ ಯುರೋಪಿನ ಒಬ್ಬ ಪಂಪ್ ತಯಾರಕ. ಫೌಂಡ್ರಿ, ಗಿರಾಕಿ, ಇಮೇಲು, ಅಂಕಿ ಎಲ್ಲವನ್ನೂ ಅಭ್ಯಾಸಕ್ಕೆಂದೇ ಹೆಣೆದಿದೆ. ಕನ್ನಡದ ‘ಹೀಗಾದರೆ ಹಾಗೆ’ ಎಂಬ ಷರತ್ತಿನ ಮಾತನ್ನು ಇಂಗ್ಲಿಷಿಗೆ ಇಳಿಸುವಾಗ ಆಗುವ ತಪ್ಪುಗಳು ಮಾತ್ರ ನಮ್ಮ ಕಡೆಯ ಕಚೇರಿಗಳಲ್ಲಿ ದಿನಬೆಳಗಾದರೆ ಟೈಪಾಗುವಂಥವು.

ಜೂನ್ 12ರ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು. ಗಿರಾಕಿ ಕೇಳಿದ್ದು 300 ಪೀಸು. ದರ ಮಂಗಳೂರು ಬಂದರಿನಲ್ಲಿ ಹಡಗಿಗೇರಿಸುವ ತನಕ ಸೇರಿ ಪೀಸಿಗೆ 40 ಯೂರೋ. ಮುಂಗಡ ಶೇ 30. ನಡುವೆ ಅವರ ಡ್ರಾಯಿಂಗ್ ಬದಲಾಯಿತು. ರಿವಿಷನ್ ಬಿ ಹೋಗಿ ರಿವಿಷನ್ ಸಿ ಬಂತು, ಫ್ಲೇಂಜಿನ (ಪೈಪು ಜೋಡಿಸುವ ಅಂಚಿನ ಬಳೆ) ದಪ್ಪ 16 ಮಿ.ಮೀ. ಇದ್ದದ್ದು 18 ಮಿ.ಮೀ. ಆಯಿತು. ಅಷ್ಟರಲ್ಲಿ ಹಳೇ ಡ್ರಾಯಿಂಗ್ ಪ್ರಕಾರ 40 ಪೀಸು ಹೊಯ್ದಾಗಿತ್ತು. ಹೊಸ ಡ್ರಾಯಿಂಗಿಗೆ ಹೊಸದಾಗಿ ಸ್ಯಾಂಪಲ್ ಕಳಿಸಿ ಒಪ್ಪಿಗೆ ಪಡೆಯಬೇಕು. ಮಾಲೀಕರು ಊರಲ್ಲಿಲ್ಲ. ಮಾರ್ಕೆಟಿಂಗ್ ನೋಡಿಕೊಳ್ಳುವ ಹುಡುಗನಿಗೆ ಫೋನಿನಲ್ಲೇ ಹೇಳಿದರು:

“ನೋಡು ಮಾರಾಯ, ಅವ್ರು 600 ತಗೊಂಡ್ರೆ ನಾಲ್ಕ್ ಪರ್ಸೆಂಟ್ ಬಿಡಬೌದು ಅಂತ ಹೇಳಿ ನೋಡು. ಸ್ಯಾಂಪಲ್ ಅಪ್ರೂವ್ ಮಾಡ್ದೇ ಇದ್ರೆ ಬಲ್ಕ್ ಶುರು ಮಾಡಲ್ಲ ಅನ್ನು. ಸ್ಯಾಂಪಲ್ ಪ್ರೆಷರ್ ಟೆಸ್ಟಲ್ಲಿ ಫೇಲ್ ಆದ್ರೆ ಆವಾಗ ಪುಕ್ಕಟೆ ಬೇರೆ ಕೊಡಣ. ಒಂದ್ ವೇಳೆ ಡ್ರಾಯಿಂಗ್ ಮತ್ತೆ ಬದಲಾದ್ರೆ ಪ್ಯಾಟರ್ನ್ ತಿದ್ದಿ ಕೊಡ್ತೀವಿ, ಖರ್ಚು ಅವ್ರದ್ದು. ಈ ರಿವಿಷನ್ ಮೊದ್ಲೇ ಕಳ್ಸಿದ್ರೆ ಆ 40 ಪೀಸ್ ಹಾಕ್ತಾನೇ ಇರ್ಲಿಲ್ಲ, ಅದ್ನೂ ಮೆತ್ತಗೆ ಹೇಳು. ಅಡ್ವಾನ್ಸ್ 20ರೊಳಗೆ ಬಂದ್ರೆ ಜುಲೈ 25ಕ್ಕೆ ಗಾಡಿ ಬಿಡಣ. ಮಳೆ ಬಂದ್ರೂ ಬಿಡ್ತೀವಿ ಅನ್ನು.”

“ಆಯ್ತು ಸಾರ್, ಈಗ್ಲೇ ಕಳಿಸ್ತೀನಿ.”

ಕಳಿಸಿದ ಇಮೇಲು ಇದು. ಓದುವವರು ಕನ್ನಡದ ಮಾತಿನ ಪಕ್ಕಕ್ಕಿಟ್ಟು ನೋಡಬೇಕು. (ಪ್ಯಾಟರ್ನ್ ಅಂದರೆ ಎರಕದ ಅಚ್ಚು ಮೂಡಿಸುವ ಮಾದರಿ, ಬಲ್ಕ್ ಅಂದರೆ ಪೂರ್ತಿ ಆರ್ಡರಿನ ಉತ್ಪಾದನೆ.)

“ಇಫ್ ಯು ಆರ್ಡರ್ 600 ಪೀಸಸ್, ವಿ ವಿಲ್ ಗಿವ್ 4 ಪರ್ಸೆಂಟ್ ಡಿಸ್ಕೌಂಟ್.
ಅನ್‌ಲೆಸ್ ಯು ಡೋಂಟ್ ಅಪ್ರೂವ್ ದ ಸ್ಯಾಂಪಲ್ಸ್, ವಿ ವಿಲ್ ನಾಟ್ ಸ್ಟಾರ್ಟ್ ಬಲ್ಕ್ ಪ್ರೊಡಕ್ಷನ್.
ವೆನ್ ದ ಸ್ಯಾಂಪಲ್ಸ್ ಫೇಲ್ ಇನ್ ಪ್ರೆಷರ್ ಟೆಸ್ಟ್, ವಿ ವಿಲ್ ರಿಪ್ಲೇಸ್ ದೆಮ್ ಫ್ರೀ.
ಇನ್ ಕೇಸ್ ದ ಡ್ರಾಯಿಂಗ್ ಚೇಂಜಸ್ ಅಗೇನ್, ವಿ ವಿಲ್ ಮಾಡಿಫೈ ದ ಪ್ಯಾಟರ್ನ್ ಅಟ್ ಯುವರ್ ಕಾಸ್ಟ್.
ಇಫ್ ಯು ವುಡ್ ಹ್ಯಾವ್ ಸೆಂಟ್ ರಿವಿಷನ್ ಸಿ ಅರ್ಲಿಯರ್, ವಿ ವುಡ್ ನಾಟ್ ಹ್ಯಾವ್ ಕಾಸ್ಟ್ 40 ಪೀಸಸ್.
ಇಫ್ ಅಡ್ವಾನ್ಸ್ ವಿಲ್ ಕಮ್ ಬಿಫೋರ್ 20 ಜೂನ್, ವಿ ವಿಲ್ ಡಿಸ್ಪ್ಯಾಚ್ ಆನ್ 25 ಜುಲೈ.
ಈವನ್ ದೋ ದೇರ್ ಈಸ್ ಹೆವಿ ರೇನ್, ವಿ ವಿಲ್ ನಾಟ್ ಡಿಲೇ.”

ಮರುದಿನ ಮಧ್ಯಾಹ್ನ ಉತ್ತರ ಬಂತು, ಬಹಳ ಮರ್ಯಾದೆಯಿಂದಲೇ. ಸಾರಾಂಶ ಇಷ್ಟು: ಶೇ 4ರ ರಿಯಾಯಿತಿಗೆ ವಂದನೆ, ನಾವು 600 ಪೀಸು ಖಾಯಂ ಮಾಡುತ್ತಿದ್ದೇವೆ, ದರ 38.40 ಯೂರೋ, ಮುಂಗಡ ಮೊದಲಿನಂತೆ ಶೇ 30. ಎರಡನೆಯದು, ಸ್ಯಾಂಪಲ್ ಫೇಲಾಗುತ್ತದೆ ಎಂದು ನಿಮಗೆ ಈಗಲೇ ಏಕೆ ಅನ್ನಿಸಿದೆ? ಮೂರನೆಯದು, ಡ್ರಾಯಿಂಗ್ ಬದಲಾಗುವ ಮೊದಲೇ ಪ್ಯಾಟರ್ನ್ ತಿದ್ದಿ ಖರ್ಚು ನಮ್ಮ ಮೇಲೆ ಹಾಕುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಕೊನೆಗೆ, ನಿಮ್ಮಲ್ಲಿ ಈಗ ಮಳೆಯಿಂದ ತೊಂದರೆಯಾಗಿದೆಯೇ, ಉತ್ಪಾದನೆ ನಿಂತಿದೆಯೇ?

ಮಾಲೀಕರಿಗೆ ಸಿಟ್ಟು ಬಂದದ್ದು ಮೊದಲನೆಯ ಸಾಲಿಗೆ. ಲೆಕ್ಕ ಸುಲಭ: 600 ಪೀಸಿಗೆ 40ರಂತೆ 24,000 ಯೂರೋ, ಅದರ ಶೇ 4 ಅಂದರೆ 960 ಯೂರೋ. ಅವರ ಮನಸ್ಸಿನಲ್ಲಿದ್ದದ್ದು ಬೇರೆ. 600 ಒಂದೇ ಲಾಟಿನಲ್ಲಿ ತಗೊಂಡು ಮುಂಗಡ ಶೇ 50 ಕೊಡುವುದಾದರೆ 4 ಬಿಡಬಹುದು, ಅದಕ್ಕೆ ಮೊದಲು ಗಿರಾಕಿಯ ಮುಖ ನೋಡೋಣ ಎಂದಷ್ಟೇ. ಹುಡುಗನೂ ಸುಳ್ಳು ಬರೆದಿರಲಿಲ್ಲ. “ತಗೊಂಡ್ರೆ ಬಿಡಬೌದು” ಎಂಬುದನ್ನೇ ಇಂಗ್ಲಿಷಿಗೆ ಇಳಿಸಿದ್ದ. ವ್ಯಾಕರಣದಲ್ಲೂ ಆ ಸಾಲಿಗೆ ಒಂದೇ ಒಂದು ತಪ್ಪಿಲ್ಲ. ಏಳು ಸಾಲಿನಲ್ಲಿ ಅತಿ ಹೆಚ್ಚು ದುಡ್ಡು ಕಳೆದದ್ದು ವ್ಯಾಕರಣ ಸರಿಯಿದ್ದ ಆ ಸಾಲೇ. ಇದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮಿಕ್ಕದ್ದು ಅರ್ಥವಾಗುತ್ತದೆ.

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಈ ಸೀಮೆಯಲ್ಲಿ ಪ್ಯಾಟರ್ನ್, ಕೋರ್, ಲೇಡಲ್, ಫೆಟ್ಲಿಂಗ್ ಎಲ್ಲ ಮನೆಮಾತೇ ಆಗಿವೆ. ಇಂಗ್ಲಿಷ್ ಪದಗಳಿಗೆ ನಮ್ಮವರು ಹೆದರುವವರಲ್ಲ. ಎಡವುವುದು ಪದದಲ್ಲಲ್ಲ, ಎರಡು ಮಾತನ್ನು ಬೆಸೆಯುವ ಜಾಗದಲ್ಲಿ.

ಬೆಸುಗೆ ಎಲ್ಲಿ ಬಿರುಕು ಬಿಟ್ಟಿತು

ಕನ್ನಡದ ಷರತ್ತಿಗೆ ಒಂದು ಪ್ರತ್ಯಯ ಸಾಕು: ‘ರೆ’. ಬಂದರೆ, ಕೊಟ್ಟರೆ, ತಗೊಂಡರೆ. ಆಗಿಯೇ ಆಗುವ ಸಂಗತಿಗೂ ಅದೇ, ಆಗಲಿಕ್ಕಿಲ್ಲ ಎಂಬ ಸಂಗತಿಗೂ ಅದೇ. ಹಾಗಾದರೆ ಮಾತು ಎಷ್ಟು ಗಟ್ಟಿ, ಎಷ್ಟು ಸಡಿಲ ಎಂಬುದನ್ನು ನಾವು ಎಲ್ಲಿ ಹೇಳುತ್ತೇವೆ? ವಾಕ್ಯದ ಬಾಲದಲ್ಲಿ. ‘ಬಿಡ್ತೀವಿ’ ಅಂದರೆ ಮಾತು ಕೊಟ್ಟಂತೆ. ‘ಬಿಡಬೌದು’ ಅಂದರೆ ಅರ್ಧ. ‘ಬಿಡಬೌದು ಅಂತ ಹೇಳಿ ನೋಡು’ ಅಂದರೆ ಇನ್ನೂ ಏನೂ ಆಗಿಲ್ಲ, ನೀರಿನ ಆಳಕ್ಕೆ ಕೋಲು ಇಳಿಸಿದ್ದು ಅಷ್ಟೆ. ಹುಡುಗ ‘ರೆ’ಯನ್ನು ‘ಇಫ್’ ಮಾಡಿದ, ‘ಬಿಡು’ವನ್ನು ‘ಗಿವ್’ ಮಾಡಿದ, ‘ಹೇಳಿ ನೋಡು’ ಎಂಬುದನ್ನು ತನಗೆ ಕೊಟ್ಟ ಅಪ್ಪಣೆ ಎಂದು ತಿಳಿದು ಬಿಟ್ಟುಬಿಟ್ಟ. ಮಾಲೀಕರ ಸಡಿಲವೆಲ್ಲ ಇದ್ದದ್ದು ಆ ಎರಡು ಪದದಲ್ಲೇ.

ಇಂಗ್ಲಿಷಿನಲ್ಲಿ ಈ ಗಟ್ಟಿ ಸಡಿಲ ಕೂರುವುದು ಕ್ರಿಯಾಪದದ ಕಾಲದಲ್ಲಿ, ಅದೂ ವಾಕ್ಯದ ಎರಡೂ ತುಂಡಿನಲ್ಲಿ. ಇಫ್ ತುಂಡಿನಲ್ಲಿ ವರ್ತಮಾನ, ಫಲದ ತುಂಡಿನಲ್ಲಿ ವಿಲ್ ಇಟ್ಟರೆ ಅದು ಫಸ್ಟ್ ಕಂಡಿಶನಲ್, ಷರತ್ತಿನ ವಾಕ್ಯದ ಮೊದಲ ಬಗೆ. ವ್ಯವಹಾರದ ಪತ್ರದಲ್ಲಿ ಬೆಲೆಯ ಬಗ್ಗೆ ಹೀಗೆ ಬರೆದರೆ ಓದುವವರು ಅದನ್ನು ಆಫರ್ ಎಂದೇ ಓದುತ್ತಾರೆ: ನೀವು ಇದು ಮಾಡಿ, ನಾವು ಅದು ಮಾಡುತ್ತೇವೆ, ಮುಗಿಯಿತು. ಇಫ್ ತುಂಡಿನಲ್ಲಿ ಭೂತಕಾಲದ ರೂಪ, ಫಲದಲ್ಲಿ ವುಡ್ ಅಥವಾ ಕುಡ್ ಇಟ್ಟರೆ ಸೆಕೆಂಡ್ ಕಂಡಿಶನಲ್. ಅದು ಬರೀ ಊಹೆ, ಚೌಕಾಸಿಯ ಮೊದಲ ಮಾತು. ಮಾಲೀಕರ ಮಾತಿಗೆ ಸರಿಹೊಂದುತ್ತಿದ್ದ ಸಾಲು ಇದು:

“ಇಫ್ ಯು ಇನ್‌ಕ್ರೀಸ್ಡ್ ದ ಆರ್ಡರ್ ಟು 600 ಪೀಸಸ್, ವಿ ಕುಡ್ ಲುಕ್ ಅಟ್ ಅ ಡಿಸ್ಕೌಂಟ್.”

‘4 ಪರ್ಸೆಂಟ್’ ಎಂಬ ಅಂಕಿಯೂ ಇಲ್ಲಿಲ್ಲ ಎಂಬುದನ್ನು ಗಮನಿಸಿ. ಅಂಕಿ ಕಂಡ ಕೂಡಲೇ ಗಿರಾಕಿಯ ಕಣ್ಣಿಗೆ ವುಡ್, ಕುಡ್ ಕಾಣುವುದಿಲ್ಲ. ಕೆಲವರು ‘ಅರೌಂಡ್ 4 ಪರ್ಸೆಂಟ್’ ಎಂದು ಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದೂ ಬೇಡ. ಮೊದಲ ಸುತ್ತಿನಲ್ಲಿ ಅಂಕಿ ಕೊಟ್ಟವನು ಎರಡನೆಯ ಸುತ್ತಿನಲ್ಲಿ ಅಲ್ಲಿಂದಲೇ ಇಳಿಯಬೇಕಾಗುತ್ತದೆ.

ಮುಂದಿನ ವಾರದ ಮಾತಿಗೆ ‘ಇನ್‌ಕ್ರೀಸ್ಡ್’ ಎಂಬ ಭೂತಕಾಲ ಏಕೆ ಎಂದು ತರಗತಿಗಳಲ್ಲಿ ಎಲ್ಲರೂ ಕೇಳುತ್ತಾರೆ. ಉತ್ತರ ಕನ್ನಡದಲ್ಲೇ ಇದೆ. ‘ಬಂದರೆ’ ಎಂಬುದನ್ನು ಬಿಡಿಸಿದರೆ ಒಳಗೆ ‘ಬಂದ’ ಕೂತಿದೆ, ‘ಕೊಟ್ಟರೆ’ಯೊಳಗೆ ‘ಕೊಟ್ಟ’. ನಾಳೆ ಬರುವವನಿಗೂ ‘ನಾಳೆ ಬಂದರೆ’ ಅನ್ನುತ್ತೇವೆ, ‘ನಾಳೆ ಬರುತ್ತರೆ’ ಅನ್ನುವುದಿಲ್ಲ. ಇನ್ನೂ ಒಂದು ಉದಾಹರಣೆ: “ಸ್ವಲ್ಪ ಬೇಗ ಕಳಿಸಿದ್ರೆ ಒಳ್ಳೇದಿತ್ತು.” ಕಳಿಸಬೇಕಾದದ್ದು ನಾಳೆ, ‘ಇತ್ತು’ ಎಂಬುದು ನಿನ್ನೆಯ ರೂಪ. ನೇರ ಕೇಳುವುದನ್ನು ಮೆತ್ತಗೆ ಮಾಡಲಿಕ್ಕೆ ನಾವೂ ಭೂತಕಾಲವನ್ನೇ ಎಳೆದು ತರುತ್ತೇವೆ. ವುಡ್ ಮಾಡುವ ಕೆಲಸ ಈ ‘ಇತ್ತು’ ಮಾಡುವ ಕೆಲಸವೇ. ‘ಒಳ್ಳೇದಿತ್ತು’ ಅನ್ನುವ ಧಾಟಿ ಬೇಕಾದಲ್ಲೆಲ್ಲ ಕೈ ವುಡ್ ಕಡೆಗೆ ಹೋಗಲಿ.

ಎರಡನ್ನೂ ಅರ್ಧರ್ಧ ಬೆರೆಸುವುದು ಇನ್ನೊಂದು ಚಾಳಿ: “ಇಫ್ ಯು ಇನ್‌ಕ್ರೀಸ್ಡ್ ದ ಆರ್ಡರ್, ವಿ ವಿಲ್ ರೆಡ್ಯೂಸ್ ದ ಪ್ರೈಸ್.” ಮೊದಲ ತುಂಡು ‘ಬರೀ ಮಾತಿಗೆ’ ಅನ್ನುತ್ತದೆ, ಎರಡನೆಯದು ‘ಖಂಡಿತ’ ಅನ್ನುತ್ತದೆ. ಗಿರಾಕಿ ತನಗೆ ಅನುಕೂಲವಾದ ತುಂಡನ್ನು ಹಿಡಿಯುತ್ತಾನೆ. ಹಿಡಿಯದಿದ್ದರೆ ಅವನು ವ್ಯಾಪಾರಿಯಲ್ಲ.

ಇದು ಬರೀ ಶೈಲಿಯ ಮಾತಲ್ಲ. 1872ರ ಭಾರತೀಯ ಒಪ್ಪಂದ ಕಾಯಿದೆ ಪ್ರಸ್ತಾವವನ್ನು ವಿವರಿಸುವುದೇ ಹೀಗೆ: ಇನ್ನೊಬ್ಬರ ಒಪ್ಪಿಗೆ ಪಡೆಯುವ ಉದ್ದೇಶದಿಂದ, ಒಂದು ಕೆಲಸ ಮಾಡಲು ಅಥವಾ ಮಾಡದಿರಲು ತನ್ನ ಸಮ್ಮತಿಯನ್ನು ತಿಳಿಸುವುದು. ಅದೇ ಕಾಯಿದೆಯ 31ನೆಯ ಕಲಮು ‘ಹೀಗಾದರೆ ಹಾಗೆ’ ಎಂಬ ಷರತ್ತಿನ ಕರಾರುಗಳದ್ದು. ಪ್ರತಿ ಇಮೇಲೂ ಕೋರ್ಟಿಗೆ ಹೋಗುವುದಿಲ್ಲ. ಆದರೆ ‘ವಿ ವಿಲ್’ ಎಂದು ಬರೆದು, ಗಿರಾಕಿ ‘ವಿ ಅಕ್ಸೆಪ್ಟ್’ ಅಂದ ಮೇಲೆ, ಊಹೆಗೆ ಹೇಳಿದೆವು ಎಂದರೆ ಮುಂದಿನ ಆರ್ಡರಿನ ಗತಿ ಏನು ಎಂಬುದಕ್ಕೆ ಕೋರ್ಟು ಬೇಕಿಲ್ಲ.

ಮಿಕ್ಕ ಸಾಲುಗಳು

‘ಅನ್‌ಲೆಸ್’ ಸಾಲನ್ನು ಗಿರಾಕಿ ಪ್ರಶ್ನಿಸಲಿಲ್ಲ, ತಾನೇ ಸರಿಮಾಡಿಕೊಂಡು ಓದಿದ. ಅದೃಷ್ಟ. ಅನ್‌ಲೆಸ್ ತನ್ನ ಹೊಟ್ಟೆಯಲ್ಲೇ ‘ಇಲ್ಲ’ವನ್ನು ಇಟ್ಟುಕೊಂಡಿದೆ, ಅದರ ಮುಂದೆ ಮತ್ತೆ ‘ಡೋಂಟ್’ ಹಾಕಿದರೆ ಅರ್ಥ ತಿರುಗಿ ನಿಲ್ಲುತ್ತದೆ: ನೀವು ಸ್ಯಾಂಪಲ್ ತಿರಸ್ಕರಿಸಿದರೆ ಮಾತ್ರ ಬಲ್ಕ್ ಶುರು ಮಾಡುತ್ತೇವೆ! ತಪ್ಪಿನ ಬೇರು ‘ಮಾಡದೇ ಇದ್ರೆ ಮಾಡಲ್ಲ’ ಎಂಬ ಕನ್ನಡದ ಜೋಡಿ ನಿಷೇಧ. ಅದು ಕನ್ನಡದಲ್ಲಿ ಸರಿಯೇ. ಹಾಗೇ ಉಳಿಸಬೇಕೆಂದರೆ ‘ಇಫ್ ಯು ಡು ನಾಟ್’ ಎಂದು ಬರೆಯಬೇಕು. ಅನ್‌ಲೆಸ್ ಬೇಕೇ ಬೇಕು ಅನ್ನಿಸಿದರೆ ಕನ್ನಡದ ಮಾತನ್ನು ಮೊದಲು ‘ಅಪ್ರೂವ್ ಮಾಡಿದ ಹೊರತು’ ಎಂದು ತಿರುಗಿಸಿಕೊಳ್ಳಿ. ‘ಮಾಡಿದ’ದಲ್ಲಿ ನಿಷೇಧ ಇಲ್ಲವಲ್ಲ, ಅನ್‌ಲೆಸ್ ಮುಂದೆಯೂ ಇರಬಾರದು. ನಾವಾದರೆ ಈ ಜಾಗದಲ್ಲಿ ಎರಡನ್ನೂ ಬಳಸುವುದಿಲ್ಲ. ಒಪ್ಪಿಗೆ ಬೇಕು ಎಂಬುದು ಇಲ್ಲಿ ಕ್ರಮದ ಮಾತು, ಆದ್ದರಿಂದ ಕ್ರಮವನ್ನೇ ಬರೆಯುವುದು ಕ್ಷೇಮ: “ವಿ ವಿಲ್ ಸ್ಟಾರ್ಟ್ ಬಲ್ಕ್ ಪ್ರೊಡಕ್ಷನ್ ಓನ್ಲಿ ಆಫ್ಟರ್ ಯು ಅಪ್ರೂವ್ ದ ಸ್ಯಾಂಪಲ್ಸ್ ಇನ್ ರೈಟಿಂಗ್.” ‘ಇನ್ ರೈಟಿಂಗ್’ ಎಂಬ ಎರಡು ಪದ ಸೇರಿಸಿದರೆ ಫೋನಿನಲ್ಲಿ ‘ಓಕೆ ಓಕೆ’ ಅಂದದ್ದು ಒಪ್ಪಿಗೆಯೋ ಅಲ್ಲವೋ ಎಂಬ ತಕರಾರು ಏಳುವುದಿಲ್ಲ.

ಸ್ಯಾಂಪಲ್ ಫೇಲಾಗುವ ಸಾಲಿನಲ್ಲಿ ದಾರಿ ತಪ್ಪಿಸಿದ್ದು ‘ಫೇಲ್ ಆದ್ರೆ ಆವಾಗ’ ಎಂಬುದರ ‘ಆವಾಗ’. ಅದು ಹುಡುಗನ ತಲೆಯಲ್ಲಿ ವೆನ್ ಆಯಿತು. ವೆನ್ ಅಂದರೆ ಆಗುವುದು ಖಚಿತ, ಯಾವಾಗ ಎಂಬುದಷ್ಟೇ ಬಾಕಿ. ‘ವೆನ್ ದ ಅಡ್ವಾನ್ಸ್ ಅರೈವ್ಸ್’ ಎಂದು ಬರೆದರೆ ಗಿರಾಕಿಯ ಮೇಲೆ ನಂಬಿಕೆ ತೋರಿಸಿದಂತಾಗುತ್ತದೆ, ಕೇಳಲು ಚೆನ್ನ. ‘ವೆನ್ ದ ಸ್ಯಾಂಪಲ್ಸ್ ಫೇಲ್’ ಎಂದು ಬರೆದರೆ ನಮ್ಮ ಮಾಲಿನ ಮೇಲೆ ನಮಗೇ ನಂಬಿಕೆಯಿಲ್ಲ ಎಂದಂತೆ. ಬೇಕಾದದ್ದು “ಇಫ್ ಎನಿ ಸ್ಯಾಂಪಲ್ ಫೇಲ್ಸ್ ದ ಪ್ರೆಷರ್ ಟೆಸ್ಟ್, ವಿ ವಿಲ್ ರಿಪ್ಲೇಸ್ ಇಟ್ ಫ್ರೀ ಆಫ್ ಚಾರ್ಜ್.” ಇಲ್ಲಿ ‘ಎನಿ’ ಸಣ್ಣ ಪದ, ಕೆಲಸ ದೊಡ್ಡದು: ಫೇಲಾದರೂ ಒಂದೋ ಎರಡೋ ಎಂಬ ಸೂಚನೆ ಕೊಡುತ್ತದೆ. ಈ ಮಾತು ಬದ್ಧತೆಯೇ ಆದ್ದರಿಂದ ವಿಲ್ ಇರಲಿ. ಇಲ್ಲಿ ವುಡ್ ಹಾಕಿದರೆ ಗ್ಯಾರಂಟಿಯಿಂದ ಜಾರಿಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ. ವುಡ್ ಕಲಿತ ಹೊಸದರಲ್ಲಿ ಎಲ್ಲ ಕಡೆಗೂ ಅದನ್ನೇ ಬಳಿಯುವವರಿದ್ದಾರೆ, ಮಳೆಗಾಲದ ಗೋಡೆಗೆ ಸುಣ್ಣ ಬಳಿದ ಹಾಗೆ, ಒಣಗುವುದೇ ಇಲ್ಲ.

‘ಇನ್ ಕೇಸ್’ ಕುರಿತು ಕಾಲುಭಾಗ ತಪ್ಪು ಗಿರಾಕಿಯದೂ ಹೌದು. ಅಮೆರಿಕದ ಬಳಕೆಯಲ್ಲಿ ಇನ್ ಕೇಸ್ ಎಂಬುದು ಇಫ್ ಜಾಗದಲ್ಲೂ ಬರುತ್ತದೆ. ಬ್ರಿಟಿಷ್ ಬಳಕೆಯಲ್ಲಿ ಅದು ಮುನ್ನೆಚ್ಚರಿಕೆ. ಆಕಾಶ ನೋಡಿ ‘ಯಾವುದಕ್ಕೂ ಇರಲಿ’ ಎಂದು ಕೊಡೆ ಹಿಡಿದು ಹೊರಡುತ್ತೇವಲ್ಲ, ಆ ‘ಯಾವುದಕ್ಕೂ ಇರಲಿ’ಯೇ ಇನ್ ಕೇಸ್. ಮಳೆ ಬರಲಿ ಬಿಡಲಿ, ಕೊಡೆ ಕೈಯಲ್ಲಿದೆ. ಯುರೋಪಿನ ಗಿರಾಕಿ ಹಾಗೆ ಓದಿದ: ಡ್ರಾಯಿಂಗ್ ಬದಲಾದರೂ ಆದೀತು ಎಂದು ಇವರು ಈಗಲೇ ಪ್ಯಾಟರ್ನ್ ತಿದ್ದುತ್ತಾರೆ, ಬಿಲ್ಲು ನನಗೆ ಬರುತ್ತದೆ. ನಮ್ಮವರ ‘ಒಂದು ವೇಳೆ’ ಸೀದಾ ಇನ್ ಕೇಸ್ ಆಗಿ ಇಳಿಯುವುದರಿಂದ ಈ ಗೊಂದಲ ಪದೇ ಪದೇ ಆಗುತ್ತದೆ. ಖರ್ಚಿನ ಮಾತು ಬಂದಲ್ಲಿ ಇನ್ ಕೇಸ್ ಬಿಟ್ಟುಬಿಡಿ. “ಇಫ್ ದ ಡ್ರಾಯಿಂಗ್ ಚೇಂಜಸ್ ಅಗೇನ್ ಆಫ್ಟರ್ ಸ್ಯಾಂಪಲ್ ಅಪ್ರೂವಲ್, ವಿ ವಿಲ್ ಕೋಟ್ ಫಾರ್ ದ ಪ್ಯಾಟರ್ನ್ ಮಾಡಿಫಿಕೇಶನ್ ಬಿಫೋರ್ ವಿ ಸ್ಟಾರ್ಟ್.” ಮೊದಲು ದರ ಹೇಳುತ್ತೇವೆ, ಆಮೇಲೆ ಕೈ ಹಾಕುತ್ತೇವೆ ಎಂದ ಮೇಲೆ ಗಿರಾಕಿಗೆ ಗಾಬರಿಯಿಲ್ಲ.

ಅಡ್ವಾನ್ಸಿನ ಸಾಲು ಚಿಕ್ಕ ತಪ್ಪು. ಇಫ್ ತುಂಡಿನೊಳಗೆ ಭವಿಷ್ಯಕ್ಕೆ ವಿಲ್ ಬೇಡ: ‘ಇಫ್ ದ ಅಡ್ವಾನ್ಸ್ ರೀಚಸ್ ಅಸ್ ಬೈ 20 ಜೂನ್’. ‘ಬಿಫೋರ್ 20’ ಅಂದರೆ 19ಕ್ಕೇ ಮುಗಿಯಿತು, ‘ಬೈ 20’ ಅಂದರೆ 20 ಸೇರಿ. ಮಾಲೀಕರು ‘20ರೊಳಗೆ’ ಅಂದದ್ದಕ್ಕೆ ‘ಬೈ’ ಸರಿ. ಹಣ ಬಂದಾಗ ಮಾತ್ರ ಮಾತು ನಡೆಯುತ್ತದೆ ಎಂದು ಒತ್ತಿ ಹೇಳಬೇಕಾದರೆ ಇಫ್ ಬದಲು ‘ಪ್ರೊವೈಡೆಡ್ ದಟ್’ ಹಾಕಬಹುದು. ಗಿರಾಕಿ ಹಳಬನಾಗಿದ್ದರೆ ಅದು ಸ್ವಲ್ಪ ಬಿಗಿಯಾಗಿ ಕೇಳಿಸುತ್ತದೆ.

ಇಫ್ ಒಳಗೆ ವುಡ್ ಸರಿಯಾಗಿಯೇ ಬರುವ ಸಂದರ್ಭವೂ ಒಂದಿದೆ, ಅದನ್ನೂ ತಪ್ಪೆಂದು ಹೊಡೆದುಹಾಕುವ ಮೇಷ್ಟ್ರುಗಳಿದ್ದಾರೆ: “ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ಸೆಂಡ್ ದ ಸೈನ್ಡ್ ಡ್ರಾಯಿಂಗ್.” ಇಲ್ಲಿ ವುಡ್ ಕಾಲ ಹೇಳುತ್ತಿಲ್ಲ, ‘ದಯವಿಟ್ಟು ಮನಸ್ಸು ಮಾಡಿ’ ಅನ್ನುತ್ತಿದೆ. ಹಾಗೆಯೇ ‘ಶುಡ್ ಯು ನೀಡ್ ಎನಿ ಕ್ಲಾರಿಫಿಕೇಶನ್’ ಎಂದು ಶುರುವಾಗುವ ಸಾಲಿನ ಶುಡ್ ‘ಬೇಕು’ ಅಲ್ಲ, ಇಫ್‌ನ ಇನ್ನೊಂದು ವೇಷ.

40 ಪೀಸಿನ ಸಾಲು

ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಏಕೆಂದರೆ ಇದರಲ್ಲಿ ವ್ಯಾಕರಣವೂ ತಪ್ಪು, ಧಾಟಿಯೂ ತಪ್ಪು.

ವ್ಯಾಕರಣ: ಆಗಿಹೋದದ್ದರ ಬಗ್ಗೆ ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎನ್ನಲು ಇಫ್ ತುಂಡಿನಲ್ಲಿ ‘ಹ್ಯಾಡ್ ಸೆಂಟ್’, ಫಲದಲ್ಲಿ ‘ವುಡ್ ಹ್ಯಾವ್’. ಇದು ಥರ್ಡ್ ಕಂಡಿಶನಲ್. ನಮ್ಮವರು ಎರಡು ಕಡೆಗೂ ವುಡ್ ಹ್ಯಾವ್ ಹಾಕುತ್ತಾರೆ. ಕನ್ನಡದಲ್ಲಿ ‘ಕಳಿಸಿದ್ದರೆ’ ಎಂಬುದರೊಳಗೆ ‘ಇದ್ದ’ ಸೇರಿಕೊಂಡಿದೆ, ಕಳಿಸಿ ಇದ್ದರೆ. ಆ ‘ಇದ್ದ’ವೇ ಹ್ಯಾಡ್ ಎಂದು ನೆನಪಿಟ್ಟುಕೊಂಡರೆ ಸಾಕು. ತೊಡಕೆಂದರೆ ಫೋನಿನ ಮಾತಿನಲ್ಲಿ ‘ಕಳ್ಸಿದ್ರೆ’ ಎಂಬುದು ‘ಕಳಿಸಿದರೆ’ಯೂ ಹೌದು, ‘ಕಳಿಸಿದ್ದರೆ’ಯೂ ಹೌದು, ಕಿವಿಗೆ ಎರಡೂ ಒಂದೇ. ಯಾವುದೆಂದು ತಿಳಿಯುವುದು ಬಾಲದ ‘ಹಾಕ್ತಾನೇ ಇರ್ಲಿಲ್ಲ’ ಕೇಳಿದ ಮೇಲೆ. ಅನುವಾದಿಸುವ ಮೊದಲು ಬಾಲ ನೋಡಿ.

ಫಲ ಇವತ್ತಿಗೆ ಸೇರಿದ್ದಾದರೆ ಫಲದ ತುಂಡು ಇವತ್ತಿನದೇ ಆಗಬೇಕು: “ಇಫ್ ರಿವಿಷನ್ ಸಿ ಹ್ಯಾಡ್ ರೀಚ್ಡ್ ಅಸ್ ಆನ್ 1 ಜೂನ್, ದ ಸ್ಯಾಂಪಲ್ಸ್ ವುಡ್ ಬಿ ವಿತ್ ಯು ಟುಡೇ.” ಇದು ಬೆರಕೆ ರೂಪ, ತಪ್ಪಲ್ಲ. ಗಡುವು ತಪ್ಪಿದ್ದಕ್ಕೆ ಕಾರಣ ಕೊಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಧಾಟಿ. ಮಾಲೀಕರು ‘ಮೆತ್ತಗೆ ಹೇಳು’ ಅಂದಿದ್ದರು. ಥರ್ಡ್ ಕಂಡಿಶನಲ್ ಹುಟ್ಟಿನಿಂದಲೇ ಮೆತ್ತಗಲ್ಲ. ‘ಇಫ್ ಯು ಹ್ಯಾಡ್’ ಎಂದು ಶುರುವಾದರೆ ಬೆರಳು ಎದುರಿಗಿರುವವನ ಎದೆಗೆ ತಾಗುತ್ತದೆ. ಮೆತ್ತಗಾಗಬೇಕಾದರೆ ‘ಯು’ ತೆಗೆದು ಕಾಗದವನ್ನೇ ಕರ್ತೃವನ್ನಾಗಿ ಮಾಡಿ: “ಹ್ಯಾಡ್ ರಿವಿಷನ್ ಸಿ ರೀಚ್ಡ್ ಅಸ್ ಅರ್ಲಿಯರ್, ವಿ ಕುಡ್ ಹ್ಯಾವ್ ಅವಾಯ್ಡೆಡ್ ಕಾಸ್ಟಿಂಗ್ 40 ಪೀಸಸ್ ಟು ರಿವಿಷನ್ ಬಿ.” ತಪ್ಪು ಈಗ ಡ್ರಾಯಿಂಗ್ ತಡವಾದದ್ದರದ್ದು, ಮನುಷ್ಯನದ್ದಲ್ಲ. ಇದಕ್ಕೆ ಬೆನ್ನಿಗೇ ಒಂದು ಕೋರಿಕೆ ಬೇಕು, ಇಲ್ಲದಿದ್ದರೆ ಅದು ಬರೀ ಗೊಣಗಾಟ. 40 ಪೀಸು ಅಂದರೆ 720 ಕೆ.ಜಿ.; ಲೋಹ ಮತ್ತೆ ಫರ್ನೇಸಿಗೆ ಹೋಗುತ್ತದೆ, ಕರೆಂಟು ಮತ್ತು ಕೂಲಿ ಮಾತ್ರ ಹೋದದ್ದೇ. ಹಾಗಾಗಿ ಕೇಳಬೇಕಾದದ್ದು: “ವುಡ್ ಯು ಬಿ ಏಬಲ್ ಟು ಯೂಸ್ ದೆಮ್ ಆಸ್ ಸ್ಪೇರ್ಸ್ ಫಾರ್ ಓಲ್ಡರ್ ಪಂಪ್ಸ್?” ಹಳೇ ಪಂಪಿಗೆ 16 ಮಿ.ಮೀ. ಫ್ಲೇಂಜೇ ಸರಿಯಾದದ್ದಲ್ಲವೇ. ವ್ಯವಹಾರಕ್ಕೆ ಇಂಥ ಪ್ರಶ್ನೆ ಹತ್ತು ಥರ್ಡ್ ಕಂಡಿಶನಲ್‌ಗಿಂತ ಮೇಲು.

ಒಂದು ಎಚ್ಚರ ಕೂಡ. ‘ಇಫ್ ವಿ ಹ್ಯಾಡ್ ಚೆಕ್ಡ್’ ಎಂದು ನಮ್ಮ ಬಗ್ಗೆ ಬರೆದುಕೊಂಡರೆ ‘ನಾವು ಚೆಕ್ ಮಾಡಲಿಲ್ಲ’ ಎಂದು ಒಪ್ಪಿಕೊಂಡ ಹಾಗೆ. ದೂರಿನ ಉತ್ತರದಲ್ಲಿ ಇದನ್ನು ಬರೆಯುವ ಮೊದಲು ಕ್ವಾಲಿಟಿ ವಿಭಾಗದವರ ಬಳಿ ಕೇಳಿ.

ಇಮೇಲಿಗೆ ಲಗತ್ತಿಸಿದ್ದ ಟೆಕ್ನಿಕಲ್ ನೋಟಿನಲ್ಲಿ ಕರಗಿಸುವ ವಿಭಾಗದ ಸೂಪರ್‌ವೈಸರ್ ಬರೆದ ಒಂದು ಸಾಲಿತ್ತು, ಇಡೀ ಕಟ್ಟಿನಲ್ಲಿ ಅತ್ಯಂತ ಸರಿಯಾದದ್ದು ಅದೇ: “ಇಫ್ ಟ್ರೀಟೆಡ್ ಮೆಟಲ್ ಸ್ಟ್ಯಾಂಡ್ಸ್ ಟೂ ಲಾಂಗ್, ನಾಡ್ಯುಲಾರಿಟಿ ಡ್ರಾಪ್ಸ್.” ಎಸ್‌ಜಿ ಕಬ್ಬಿಣಕ್ಕೆ ಲೇಡಲ್‌ನಲ್ಲಿ (ಕರಗಿದ ಲೋಹ ಹೊಯ್ಯುವ ಪಾತ್ರೆ) ಮೆಗ್ನೀಸಿಯಂ ಸೇರಿಸಿದ ಮೇಲೆ ನಿಮಿಷ ಕಳೆದಂತೆ ಅದು ಆರುತ್ತಾ ಹೋಗುತ್ತದೆ. ತಡವಾಗಿ ಹೊಯ್ದರೆ ಗ್ರಾಫೈಟು ಗುಂಡಗೆ ಕೂರುವುದಿಲ್ಲ, ಅಂದರೆ ನಾಡ್ಯುಲಾರಿಟಿ ಇಳಿಯುತ್ತದೆ, ಎರಕ ಬಾಗದೆ ಒಡೆಯುತ್ತದೆ. ಅದಕ್ಕೇ ಫೌಂಡ್ರಿಗಳಲ್ಲಿ ಹೊಯ್ಯುವುದಕ್ಕೆ ನಿಮಿಷಗಳ ಗಡುವು ಹಾಕಿಕೊಳ್ಳುತ್ತಾರೆ. ಪ್ರತಿ ಸಲವೂ ಹೀಗೇ ಆಗುವ ಸಂಗತಿಗೆ ಎರಡು ತುಂಡಿನಲ್ಲೂ ವರ್ತಮಾನ. ಇದೇ ಝೀರೋ ಕಂಡಿಶನಲ್. ‘ವುಡ್ ಡ್ರಾಪ್’ ಎಂದು ನಯಮಾಡಲು ಹೋಗಿದ್ದರೆ ಅಲ್ಲಿ ಹಾಗಾಗುವುದೇ ಇಲ್ಲವೇನೋ ಎಂದು ಗಿರಾಕಿಯ ಮೆಟಲರ್ಜಿಸ್ಟ್ ಹುಬ್ಬೇರಿಸುತ್ತಿದ್ದ.

ಸರಿಪಡಿಸಿದ್ದು ಹೇಗೆ

ಗಿರಾಕಿ ಒಪ್ಪಿಗೆ ಕಳಿಸಿಯಾಗಿತ್ತು. ‘ನಾವು ಹಾಗೆ ಹೇಳಲಿಲ್ಲ’ ಎಂಬ ದಾರಿ ಮುಚ್ಚಿತ್ತು. ಉಳಿದದ್ದು ದರವನ್ನು ಮುಟ್ಟದೆ ಷರತ್ತನ್ನು ಮಾತಾಡುವುದು. ಇಮೇಲಿನಲ್ಲಿದ್ದ ಡಿಸ್ಪ್ಯಾಚಿನ ಮಾತು 300 ಪೀಸಿನ ಆರ್ಡರಿಗೆ ಹೇಳಿದ್ದು, 600ನ್ನು ಎಷ್ಟು ಲಾಟಿನಲ್ಲಿ, ಯಾವಾಗ ಕಳಿಸುತ್ತೇವೆ ಎಂದು ಏನೂ ಹೇಳಿರಲಿಲ್ಲ. ಆ ಸಂದಿ ಹಿಡಿದು ಎರಡನೆಯ ಇಮೇಲು ಹೋಯಿತು:

“ಥ್ಯಾಂಕ್ ಯು ಫಾರ್ ಕನ್ಫರ್ಮಿಂಗ್ 600 ಪೀಸಸ್ ಅಟ್ 38.40 ಯೂರೋಸ್. ಇಫ್ ಯು ಇನ್‌ಕ್ರೀಸ್ ದ ಅಡ್ವಾನ್ಸ್ ಟು 50 ಪರ್ಸೆಂಟ್ ಬೈ 20 ಜೂನ್, ವಿ ವಿಲ್ ಡಿಸ್ಪ್ಯಾಚ್ ಆಲ್ 600 ಆನ್ 25 ಜುಲೈ. ಇಫ್ ದಟ್ ಈಸ್ ನಾಟ್ ಪಾಸಿಬಲ್, ವಿ ವಿಲ್ ಡಿಸ್ಪ್ಯಾಚ್ 300 ಆನ್ 25 ಜುಲೈ ಅಂಡ್ 300 ಆನ್ 25 ಆಗಸ್ಟ್.”

ಎರಡೂ ವಿಲ್, ಏಕೆಂದರೆ ಎರಡಕ್ಕೂ ಫೌಂಡ್ರಿ ತಯಾರಿತ್ತು. ಆಯ್ಕೆ ಗಿರಾಕಿಯದು. ದರ ಹಿಂದೆಗೆದುಕೊಂಡಿಲ್ಲ, ಮುಂಗಡಕ್ಕೆ ಪ್ರತಿಯಾಗಿ ಸಮಯ ಕೊಟ್ಟಿದೆ. ಗಿರಾಕಿ ಎರಡು ಲಾಟು ಆರಿಸಿಕೊಂಡ. 960 ಯೂರೋ ಹೋಯಿತು, ಕೈಯಿಂದ ಬಂಡವಾಳ ಹಾಕುವ ಒತ್ತಡ ಅರ್ಧ ಇಳಿಯಿತು.

ಕಚೇರಿಯಲ್ಲಿ ಆಮೇಲೆ ಇಟ್ಟುಕೊಂಡ ಪದ್ಧತಿ ಸರಳ. ಮಾಲೀಕರ ಫೋನಿನ ಮಾತನ್ನು ಮೊದಲು ಕನ್ನಡದಲ್ಲೇ ಚೀಟಿಯಲ್ಲಿ ಬರೆದುಕೊಳ್ಳುವುದು, ಬಾಲ ಬಿಡದೆ, ‘ಹೇಳಿ ನೋಡು’ ಸಮೇತ. ‘ರೆ’, ‘ರೂ’, ‘ಆಗ’, ‘ಒಂದು ವೇಳೆ’ ಎಲ್ಲಿ ಕಂಡರೂ ಗೆರೆ ಎಳೆಯುವುದು. ಗೆರೆಯ ಪಕ್ಕದಲ್ಲಿ ಎರಡು ಉತ್ತರ: ಇದು ಆಗಿಹೋದದ್ದೋ, ಆಗಬಹುದಾದದ್ದೋ, ಬರೀ ಮಾತಿಗೋ? ಇದಕ್ಕೆ ನಾವು ಬದ್ಧರೋ ಅಲ್ಲವೋ? ಬದ್ಧರಾದರೆ ವಿಲ್, ಅಲ್ಲದಿದ್ದರೆ ಕುಡ್ ಅಥವಾ ವುಡ್. ಬೆಲೆ, ಮುಂಗಡ, ದಿನಾಂಕ ಈ ಮೂರರ ಪಕ್ಕ ವಿಲ್ ಬಂದರೆ ಕಳಿಸುವ ಮೊದಲು ಮಾಲೀಕರಿಗೆ ಒಂದು ಸಲ ಓದಿ ಹೇಳುವುದು. ಟೈಪ್ ಮಾಡಿದ ಮೇಲೆ ಕಂಟ್ರೋಲ್ ಎಫ್ ಒತ್ತಿ ಇಫ್ ಹುಡುಕಿ, ಪ್ರತಿ ಇಫ್‌ನಿಂದ ಕಾಮಾದವರೆಗೆ ವಿಲ್ ಅಥವಾ ವುಡ್ ಸಿಕ್ಕಿದರೆ ಅಲ್ಲಿ ನಿಂತು ನೋಡುವುದು. (ಇಫ್ ತುಂಡು ಮೊದಲು ಬಂದರೆ ಕಾಮಾ ಹಾಕಬೇಕು, ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ.) ಕಂಪ್ಯೂಟರಿನ ವ್ಯಾಕರಣ ತಿದ್ದುಕ ‘ಅನ್‌ಲೆಸ್ ಡೋಂಟ್’ಗೆ ಗೆರೆ ಎಳೆದರೂ ಎಳೆದೀತು. ವಿಲ್ ಇರಬೇಕೋ ವುಡ್ ಇರಬೇಕೋ ಎಂಬುದಕ್ಕೆ ಎಳೆಯುವುದಿಲ್ಲ, ಎರಡೂ ಸರಿಯಾದ ಇಂಗ್ಲಿಷೇ. ಮಾಲೀಕರ ಮನಸ್ಸು ಅದಕ್ಕೆ ಗೊತ್ತಿಲ್ಲ.

ಕೊನೆಯ ಸಾಲು, ಮಳೆಯದು, ಬಾಕಿ ಉಳಿಯಿತು. ಕನ್ನಡದ ‘ಬಂದರೂ’ ಎರಡು ಕೆಲಸ ಮಾಡುತ್ತದೆ. ‘ಮಳೆ ಬಂದರೂ ಬಿಡುತ್ತೇವೆ’ ಅಂದರೆ ಮಳೆ ಇನ್ನೂ ಬಂದಿಲ್ಲ, ಬಂದೀತು. ‘ಮಳೆ ಬಂದರೂ ಬಿಟ್ಟೆವು’ ಅಂದರೆ ಮಳೆ ಬಂದದ್ದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಈವನ್ ಇಫ್’, ಎರಡನೆಯದಕ್ಕೆ ‘ಈವನ್ ದೋ’. ಜೂನ್ 12ಕ್ಕೆ ‘ಈವನ್ ದೋ’ ಬರೆದದ್ದರಿಂದಲೇ ಗಿರಾಕಿ ಉತ್ಪಾದನೆ ನಿಂತಿದೆಯೇ ಎಂದು ಕೇಳಿದ್ದು. ಬರೆಯಬೇಕಿದ್ದದ್ದು “ಈವನ್ ಇಫ್ ದೇರ್ ಈಸ್ ಹೆವಿ ರೇನ್, ವಿ ವಿಲ್ ಡಿಸ್ಪ್ಯಾಚ್ ಆನ್ 25 ಜುಲೈ.” ಅದೂ ಯೋಚಿಸಿ ಬರೆಯಬೇಕಾದ ವಿಲ್, ಮಲೆನಾಡಿನ ಜುಲೈಯಲ್ಲಿ ಘಾಟಿ ರಸ್ತೆಗೆ ಭಾರಿ ವಾಹನಗಳ ನಿರ್ಬಂಧ ಬೀಳುವುದು ಹೊಸದೇನಲ್ಲ. ಗಾಡಿ ಕಾರ್ಖಾನೆ ಬಿಡುವ ದಿನಕ್ಕೆ ವಿಲ್ ಹಾಕಬಹುದು, ಬಂದರು ಮುಟ್ಟುವ ದಿನಕ್ಕೆ ‘ಶುಡ್ ರೀಚ್’ ಸಾಕು.

ಜುಲೈ 26ರ ಬೆಳಿಗ್ಗೆ ಹುಡುಗ ಕಳಿಸಿದ ಇಮೇಲಿನಲ್ಲಿ ಒಂದೇ ಸಾಲಿತ್ತು. ಜೂನಿನಲ್ಲಿ ತಪ್ಪಾಗಿದ್ದ ಪದವೇ ಅದರಲ್ಲಿತ್ತು, ಈ ಸಲ ಸರಿಯಾಗಿ: “ಈವನ್ ದೋ ಇಟ್ ರೇನ್ಡ್ ಹೆವಿಲಿ ಆಲ್ ಡೇ, ದ ಟ್ರಕ್ ಲೆಫ್ಟ್ ಅವರ್ ಫ್ಯಾಕ್ಟರಿ ಯೆಸ್ಟರ್‌ಡೇ ಈವ್ನಿಂಗ್ ವಿತ್ 300 ಪೀಸಸ್.”